ಅಪ್ಪ-ಅಮ್ಮನ ಮದುವೆಗೆ 50 ವರ್ಷ ಆಯ್ತಾ? ದಾವಣಗೆರೆಯಿಂದ ವಜ್ರೇಶ್ವರಿ ಬಿಸಿನೀರಿನ ಕುಂಡಕ್ಕೆ ಕಳಿಸೋದು ಹೆಂಗೆ, ಪೂರ್ತಿ ಗೈಡ್

ಮದುವೆಯಾಗಿ ನಲವತ್ತು ಐವತ್ತು ವರ್ಷ ತುಂಬಿದ್ರೆ ನಮ್ಮ ದಾವಣಗೆರೆ ಚಿತ್ರದುರ್ಗ ಕಡೆ ಮಕ್ಕಳು ಮಾಡೋದು ಒಂದೇ, ಒಂದು ಕಲ್ಯಾಣ ಮಂಟಪ ಹಿಡಿಯೋದು, ಇಬ್ರಿಗೂ ಹಾರ ಹಾಕಿ ಸ್ಟೇಜ್ ಮೇಲೆ ಕೂರಿಸೋದು, ಬಂದವ್ರೆಲ್ಲ ಶಾಲು ಹೊದಿಸಿ ಫೋಟೋ ತೆಗೆಸ್ಕೊಂಡು ಊಟಕ್ಕೆ ಹೋಗೋದು. ಮಾಡ್ರಿ, ಬೇಡ ಅನ್ನಲ್ಲ, ಬಂಧು ಬಳಗ ಬಿಟ್ಟು ಇರೋಕೂ ಆಗಲ್ಲ. ಆದ್ರೆ ಅದು ನಮ್ಮ ಖುಷಿ, ಅವ್ರದ್ದಲ್ಲ. ಅವ್ರಿಬ್ರಿಗೆ ಅಂತ ಏನಾದ್ರೂ ಮಾಡ್ಬೇಕು ಅನ್ನಿಸಿದ್ರೆ ಅವ್ರು ಹರೆಯದಲ್ಲಿ ಇಷ್ಟಪಟ್ಟು ಹೋಗಿಬರ್ತಿದ್ದ ಜಾಗಕ್ಕೆ ಆರಾಮಾಗಿ ಒಂದ್ಸಲ ಕಳಿಸಿಕೊಡ್ರಿ.

ನಮ್ಮನೇಲಿ ಆ ಜಾಗ ಅಂದ್ರೆ ವಜ್ರೇಶ್ವರಿ. ಮಹಾರಾಷ್ಟ್ರದ ಠಾಣೆ ಜಿಲ್ಲೆ ಭಿವಂಡಿ ತಾಲೂಕು, ತಾನ್ಸಾ ನದಿ ದಂಡೆ. ನಮ್ಮ ಮಾವಂದು ಜವಳಿ ವ್ಯಾಪಾರ, ಭಿವಂಡಿಗೆ ಮಾಲು ತರೋಕೆ ಹೋದಾಗೆಲ್ಲ ಅತ್ತೆನೂ ಹೊರಡ್ತಿದ್ರಂತೆ, ಕೆಲಸ ಮುಗಿಸಿ ಕುಂಡದಲ್ಲಿ ಸ್ನಾನ ಮಾಡಿ ದೇವಿ ದರ್ಶನ ಮಾಡಿ ಬರ್ತಿದ್ರಂತೆ. ಹಂಗಾಗಿ ಈ ಗೈಡು ವಜ್ರೇಶ್ವರಿ ಇಟ್ಕೊಂಡೇ ಬರೀತಿದೀನಿ. ನಿಮ್ಮನೆ ಹಿರಿಯರಿಗೆ ಬೇರೆ ಬಿಸಿನೀರಿನ ಊರು ಇಷ್ಟ ಇದ್ರೂ ಟಿಕೆಟ್ಟು, ಡಾಕ್ಟ್ರು, ನೀರಿಗಿಳಿಯೋ ರೀತಿ ಇದೆಲ್ಲ ಹೆಚ್ಚುಕಮ್ಮಿ ಇದೇ.

1. ಮೊದ್ಲು ಇಬ್ರನ್ನೂ ಬೇರೆ ಬೇರೆ ಕೇಳ್ರಿ

ಸರ್‌ಪ್ರೈಸ್ ಕೊಡೋಕೆ ಹೋಗ್ಬೇಡ್ರಿ. ಎಪ್ಪತ್ತು ದಾಟಿದವ್ರಿಗೆ "ನಾಳೆ ಹೊರಡೋದು, ಬ್ಯಾಗ್ ರೆಡಿ ಇದೆ" ಅಂದ್ರೆ ಖುಷಿಗಿಂತ ಗಾಬರಿನೇ ಜಾಸ್ತಿ. ಹಾಲಿನವ್ನಿಗೆ ಹೇಳ್ಬೇಕು, ಗಿಡಕ್ಕೆ ನೀರು ಯಾರು ಹಾಕ್ತಾರೆ ನೋಡ್ಬೇಕು, ಒಡವೆ ಲಾಕರಿಗೆ ಇಡ್ಬೇಕು, ಅವ್ರ ತಲೇಲಿ ಓಡೋ ಲಿಸ್ಟು ನಮಗೆ ಗೊತ್ತೇ ಇರಲ್ಲ.

ಇನ್ನೊಂದು ಏನಂದ್ರೆ, ಇಬ್ರನ್ನೂ ಎದುರಿಗೆ ಕೂರಿಸ್ಕೊಂಡು ಕೇಳಿದ್ರೆ ಮಾವ ಮಾತಾಡ್ತಾರೆ, ಅತ್ತೆ ಹೂಂ ಅಂತಾರೆ, ಅಷ್ಟೇ. ಅತ್ತೆನ ಅಡುಗೆ ಮನೇಲಿ ಒಬ್ರೇ ಇದ್ದಾಗ ಕೇಳ್ರಿ. ಆಗ ಬರುತ್ತೆ ನಿಜ ಸುದ್ದಿ, "ನೀರೇನೋ ಚೆನ್ನಾಗಿರುತ್ತೆ ಕಣವ್ವ, ಆದ್ರೆ ಅಲ್ಲಿ ಬಟ್ಟೆ ಬದಲಾಯಿಸೋಕೆ ಸರಿ ಜಾಗ ಇರಲ್ಲ, ಅದೊಂದೇ ಹಿಂಸೆ" ಅಂತ. ಈ ಒಂದು ಮಾತು ರೂಮ್ ಬುಕ್ ಮಾಡೋವಾಗ ಎಷ್ಟು ಕೆಲಸಕ್ಕೆ ಬರುತ್ತೆ ಅಂತ ಮುಂದೆ ಹೇಳ್ತೀನಿ.

ಜೊತೆಗೆ ಯಾರು ಹೋಗ್ಬೇಕು ಅನ್ನೋದನ್ನೂ ಅವ್ರನ್ನೇ ಕೇಳ್ರಿ. ಇಬ್ರೇ ಓಡಾಡೋಷ್ಟು ಗಟ್ಟಿ ಇದ್ರೆ ಇಬ್ರೇ ಹೋಗ್ಲಿ. ಇಲ್ಲಾಂದ್ರೆ ಒಬ್ರು ಮಗನೋ ಮಗಳೋ ಜೊತೆಗೆ ಹೋಗಿ ಬೇರೆ ರೂಮಲ್ಲಿ ಉಳ್ಕೊಳ್ಳಿ, ಬೇಕಾದಾಗ ಮಾತ್ರ ಹತ್ರ ಇರ್ಲಿ. ಮೊಮ್ಮಕ್ಕಳು, ಚಿಕ್ಕಪ್ಪ, ಸೋದರತ್ತೆ ಅಂತ ಟೆಂಪೋ ಟ್ರಾವೆಲರ್ ತುಂಬಿಸ್ಕೊಂಡ್ರೆ ಅದು ಇನ್ನೊಂದು ಫಂಕ್ಷನ್, ಅತ್ತೆ ಅಲ್ಲೂ ಎಲ್ರಿಗೂ ಊಟ ಆಯ್ತಾ ಅಂತ ಕೇಳ್ಕೊಂಡೇ ಓಡಾಡ್ತಾರೆ.

2. ತಾರೀಖು ಹಿಡ್ಕೊಂಡು ಜಗ್ಗಾಡ್ಬೇಡ್ರಿ

ನಮ್ಮಲ್ಲಿ ಹಿರಿಯರ ಮದುವೆ ಬಹಳಷ್ಟು ಏಪ್ರಿಲ್ ಮೇ ತಿಂಗಳಲ್ಲೇ ಆಗಿರುತ್ತೆ. ಆ ತಾರೀಖಿಗೇ ಹೋಗ್ಬೇಕು ಅಂತ ಹಟ ಹಿಡಿದ್ರೆ ಮೇ ತಿಂಗಳ ಧಗೇಲಿ, ಮೈಯೆಲ್ಲ ಬೆವರೋ ಕಡಲ ಸೀಮೆ ಹವಾದಲ್ಲಿ ಬಿಸಿನೀರಿಗೆ ಇಳಿಸ್ದಂಗಾಗುತ್ತೆ, ಯಾರಿಗೆ ಬೇಕು. ಜೂನಿಂದ ಸೆಪ್ಟೆಂಬರ್ ತನಕ ಮಳೆ, ತಾನ್ಸಾ ನದಿ ತುಂಬಿ ಹರಿಯುತ್ತೆ, ದಂಡೆ ಮೇಲಿನ ಕುಂಡಗಳ ಹತ್ರ ಹೋಗೋದೇ ಬೇಡ. ನವೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗ್ರಿ, ಬೆಳಿಗ್ಗೆ ಸಣ್ಣಗೆ ಚಳಿ ಇರುತ್ತೆ, ಬಿಸಿನೀರಿನ ಸುಖ ಗೊತ್ತಾಗೋದೇ ಆಗ. ಮೇನಲ್ಲಿ ಮನೇಲಿ ಪೂಜೆ ಹೋಳಿಗೆ ಊಟ ಮುಗಿಸಿ, ಟ್ರಿಪ್ಪು ಡಿಸೆಂಬರಿಗೆ ಇಟ್ಕೊಳ್ರಿ.

ಚೈತ್ರ ಅಮಾವಾಸ್ಯೆ ಸುಮಾರಿಗೆ ವಜ್ರೇಶ್ವರಿ ಜಾತ್ರೆ, ನವರಾತ್ರಿಲೂ ರಶ್ಶು, ಗುರು ಪೂರ್ಣಿಮೆಗೆ ಪಕ್ಕದ ಗಣೇಶಪುರಿ ತುಂಬಿ ತುಳುಕುತ್ತೆ. ಶನಿವಾರ ಭಾನುವಾರ ಮುಂಬೈ ಜನ ಬಂದು ಬೀಳ್ತಾರೆ. ಸೋಮವಾರ ತಲುಪಿ ಗುರುವಾರ ಹೊರಡೋ ಹಂಗೆ ಪ್ಲ್ಯಾನ್ ಮಾಡಿದ್ರೆ ಬೆಸ್ಟು. ಮೂರು ರಾತ್ರಿ ಬೇಕೇ ಬೇಕು, ಯಾಕಂದ್ರೆ ಮೊದಲ ದಿನ ಪ್ರಯಾಣದ ಸುಸ್ತಲ್ಲೇ ಹೋಗುತ್ತೆ, ಕೊನೇ ದಿನ ಬ್ಯಾಗ್ ಕಟ್ಟೋದ್ರಲ್ಲಿ ಹೋಗುತ್ತೆ.

3. ಟಿಕೆಟ್‌ಗಿಂತ ಮೊದ್ಲು ಡಾಕ್ಟ್ರು

ಬಾಪೂಜಿ ಆಸ್ಪತ್ರೆಗೆ ಹೋಗ್ತಿರೋ ಮನೆ ಹತ್ರದ ಕ್ಲಿನಿಕ್ಕಿಗೆ ಹೋಗ್ತಿರೋ ನಿಮ್ಮಿಷ್ಟ, ಆದ್ರೆ ಅವ್ರ ಫೈಲು ನೋಡ್ತಿರೋ ಡಾಕ್ಟ್ರನ್ನೇ ಕೇಳ್ರಿ. "ಟೂರ್ ಹೋಗ್ಬಹುದಾ" ಅಂದ್ರೆ ಹೋಗ್ರಿ ಅಂತಾರೆ, ಹಂಗೆ ಕೇಳ್ಬಾರ್ದು. "ಹತ್ತು ಹದಿನೈದು ನಿಮಿಷ ಬಿಸಿನೀರಲ್ಲಿ ಸೊಂಟದ ತನಕ ಕೂರಬಹುದಾ" ಅಂತ ಬಿಡಿಸಿ ಕೇಳ್ರಿ.

ಯಾಕೆ ಅಂದ್ರೆ ಬಿಸಿನೀರಿಗೆ ಇಳಿದ ತಕ್ಷಣ ಚರ್ಮದ ರಕ್ತನಾಳ ಎಲ್ಲ ಹಿಗ್ಗುತ್ತೆ, ರಕ್ತ ಆ ಕಡೆ ಹರಿದು ಬಿಪಿ ಇಳಿಯುತ್ತೆ, ಹೃದಯ ಜೋರಾಗಿ ಬಡ್ಕೊಳ್ಳುತ್ತೆ. ಹರೆಯದವ್ರಿಗೆ ಅದೇ ಹಿತ. ಬಿಪಿ ಮಾತ್ರೆ ತಗೊಳ್ಳೋರಿಗೆ ಮಾತ್ರೆನೂ ಬಿಪಿ ಇಳಿಸುತ್ತೆ ನೀರೂ ಇಳಿಸುತ್ತೆ, ನೀರಿಂದ ದಿಢೀರ್ ಅಂತ ಎದ್ದ್ರೆ ಕಣ್ಣಿಗೆ ಕತ್ತಲೆ ಬಂದು ಬೀಳೋ ಚಾನ್ಸ್ ಇದೆ. ಎದೆನೋವಿಗೆ ಮಾತ್ರೆ ತಗೊಳ್ಳೋರು, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆದವ್ರು, ಬಿಪಿ ಕಂಟ್ರೋಲಲ್ಲಿ ಇಲ್ಲದವ್ರು ಡಾಕ್ಟ್ರು ಹೂಂ ಅನ್ನದೆ ಇಳಿಯೋದೇ ಬೇಡ.

ಶುಗರ್ ಇರೋರಿಗೆ ಎರಡು ವಿಷಯ. ಒಂದು, ಪಾದ ಜೋಮು ಹಿಡಿದಿದ್ರೆ ಬಿಸಿ ಎಷ್ಟಿದೆ ಅಂತಾನೇ ತಿಳಿಯಲ್ಲ, ಬೊಬ್ಬೆ ಎದ್ದ ಮೇಲೆ ಗೊತ್ತಾಗೋದು. ಎರಡನೇದು, ಇನ್ಸುಲಿನ್ ತಗೊಂಡ ಮೇಲೆ ಬಿಸಿನೀರಿಗೆ ಇಳಿದ್ರೆ ಇನ್ಸುಲಿನ್ ಬೇಗ ಮೈಗೆ ಹತ್ತಿ ಶುಗರ್ ಧಡಕ್ಕನೆ ಇಳಿಯಬಹುದು, ಹಂಗಾಗಿ ಕೈಯಲ್ಲಿ ಗ್ಲೂಕೋಸ್ ಪುಡಿನೋ ನಾಲ್ಕು ಪೆಪ್ಪರ್‌ಮೆಂಟೋ ಇರ್ಲೇಬೇಕು. ಕಾಲಲ್ಲಿ ಗಾಯ ಇದ್ರೆ ಕುಂಡಕ್ಕೆ ಇಳಿಯಂಗಿಲ್ಲ.

ಈ ನೀರಿಂದ ಸಂಧಿವಾತ ವಾಸಿಯಾಗುತ್ತೆ, ಚರ್ಮರೋಗ ಹೋಗುತ್ತೆ ಅಂತ ಅಲ್ಲಿ ಸಿಗೋರೆಲ್ಲ ಹೇಳ್ತಾರೆ. ಬಿಸಿಗೆ ಬಿಗಿದ ಸ್ನಾಯು ಸಡಿಲ ಆಗಿ ಮಂಡಿ ಸೊಂಟಕ್ಕೆ ಒಂದಷ್ಟು ಹೊತ್ತು ಹಾಯಿ ಅನ್ನಿಸೋದು ನಿಜ, ಅದಕ್ಕಿಂತ ಜಾಸ್ತಿ ನಂಬ್ಕೊಂಡು ಮಾತ್ರೆ ನಿಲ್ಲಿಸೋಕೆ ಹೋಗ್ಬೇಡ್ರಿ.

4. ರೈಲು ಟಿಕೆಟ್ಟು, ಇಲ್ಲಿ ಒಂದು ಸೂಕ್ಷ್ಮ ಇದೆ

ದಾವಣಗೆರೆ ಮೇಲೆ ಹಾದು ಮುಂಬೈ ಕಡೆ ಹೋಗೋ ಗಾಡಿ ಇದಾವೆ, ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್ ಅಂತ. ಹರಿಹರ, ಹುಬ್ಬಳ್ಳಿ, ಬೆಳಗಾವಿ, ಮಿರಜ್, ಪುಣೆ ಆಗಿ ಕಲ್ಯಾಣಕ್ಕೆ ಹೋಗುತ್ತೆ, ಗಾಡಿ ಬದಲಾಯಿಸೋ ತಾಪತ್ರಯ ಇಲ್ಲ. ಆದ್ರೆ ದಿನಾ ಇರಲ್ಲ, ಹಂಗಾಗಿ ಗಾಡಿ ಇರೋ ದಿನ ನೋಡಿ ಆಮೇಲೆ ರೂಮು ಬುಕ್ ಮಾಡ್ರಿ, ಉಲ್ಟಾ ಮಾಡ್ಬೇಡ್ರಿ. ಚಿತ್ರದುರ್ಗದವ್ರು ದಾವಣಗೆರೆಗೇ ಬಂದು ಹತ್ತೋದು ಆರಾಮ.

ರಿಸರ್ವೇಶನ್ ಈಗ 60 ದಿನ ಮುಂಚೆ ಓಪನ್ ಆಗುತ್ತೆ, ಮೊದ್ಲು 120 ದಿನ ಇತ್ತು, 2024ರ ನವೆಂಬರ್‌ನಿಂದ ಕಮ್ಮಿ ಮಾಡಿದಾರೆ. ಸೀನಿಯರ್ ಸಿಟಿಜನ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದು, ಅದರ ಲೆಕ್ಕ ಹಾಕ್ಕೊಂಡು ಕೂರ್ಬೇಡ್ರಿ, ಪೂರ್ತಿ ಚಾರ್ಜೇ.

ಈಗ ಸೂಕ್ಷ್ಮ ಹೇಳ್ತೀನಿ. ಹಿರಿಯರಿಗೆ ಲೋವರ್ ಬರ್ತ್ ಕೋಟಾ ಅಂತ ಇದೆ, 60 ದಾಟಿದ ಗಂಡಸ್ರಿಗೆ, 45 ದಾಟಿದ ಹೆಂಗಸ್ರಿಗೆ. ಆದ್ರೆ ಅದು ಒಂದು ಟಿಕೆಟ್ಟಲ್ಲಿ ಒಬ್ರೋ ಇಬ್ರೋ ಇದ್ರೆ ಮಾತ್ರ. ನೀವು ಮಗ ಸೊಸೆ ಅಪ್ಪ ಅಮ್ಮ ಎಲ್ಲ ಸೇರಿಸಿ ಒಂದೇ ಟಿಕೆಟ್ ತೆಗೆದ್ರೆ ಆ ಕೋಟಾ ಸಿಗಲ್ಲ, ಆಮೇಲೆ ಅಪ್ಪನಿಗೆ ಅಪ್ಪರ್ ಬರ್ತ್ ಬಂತು ಅಂತ ಕೂಪೆಲಿ ಇರೋರ ಕಾಲು ಹಿಡಿಯೋದು. ಹಿರಿಯರಿಬ್ರದ್ದು ಬೇರೆ ಟಿಕೆಟ್, ನಿಮ್ಮದು ಬೇರೆ ಟಿಕೆಟ್. ಜೊತೇಲಿ ಹೋಗೋರು ಅದೇ ಕೋಚಲ್ಲಿ ಇದ್ರೆ ಸಾಕು. ವಾಪಸ್ ಟಿಕೆಟ್ಟಿಗೂ ಇದೇ ರೂಲು, ಅದು ಓಪನ್ ಆದ ದಿನಾನೇ ಅದನ್ನೂ ಮಾಡಿಬಿಡ್ರಿ.

ದುಡ್ಡು ಎಲ್ಲಿ ಉಳಿಸ್ಬೇಕು ಎಲ್ಲಿ ಉಳಿಸ್ಬಾರ್ದು ಅಂತ ಕೇಳಿದ್ರೆ ನಾನು ಹೇಳೋದು, ಎಸಿ ಟಿಕೆಟ್ಟಿಗೂ ಕಲ್ಯಾಣದಿಂದ ಟ್ಯಾಕ್ಸಿಗೂ ಕೈ ಬಿಗಿ ಹಿಡೀಬೇಡ್ರಿ, ರೂಮಿನ ಥಳುಕು ಬಳುಕಿನಲ್ಲಿ ಬೇಕಾದ್ರೆ ಉಳಿಸ್ರಿ.

ಕಾರಲ್ಲೇ ಹೋಗ್ತೀವಿ ಅನ್ನೋರಿಗೆ ದಾರಿ ಸಲೀಸು, ನಮ್ಮೂರ ಪಕ್ಕದ ಹೈವೇನೇ ಅಂದ್ರೆ 48ನೇ ನಂಬರ್ ರಾಷ್ಟ್ರೀಯ ಹೆದ್ದಾರಿನೇ ಹುಬ್ಬಳ್ಳಿ ಬೆಳಗಾವಿ ಕೊಲ್ಲಾಪುರ ಪುಣೆ ತನಕ ಕರ್ಕೊಂಡು ಹೋಗುತ್ತೆ. ವಜ್ರೇಶ್ವರಿ ತನಕ 700 ಕಿಲೋಮೀಟರಿಗೂ ಜಾಸ್ತಿ. ಹಿರಿಯರನ್ನ ಒಂದೇ ದಿನದಲ್ಲಿ ಅಷ್ಟು ದೂರ ಕೂರಿಸ್ಬಾರ್ದು, ಕೊಲ್ಲಾಪುರದಲ್ಲಿ ಒಂದು ರಾತ್ರಿ ಉಳ್ದು ಮಹಾಲಕ್ಷ್ಮಿ ದರ್ಶನ ಮಾಡ್ಕೊಂಡು ಹೊರಡ್ರಿ.

5. ರೂಮು

ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿ ಮೂರೂ ಒಂದಕ್ಕೊಂದು ತಾಗಿದ ಊರು, ಎರಡು ಮೂರು ಕಿಲೋಮೀಟರ್ ಒಳಗೇ. ಧರ್ಮಶಾಲೆಯಿಂದ ಹಿಡಿದು ರೆಸಾರ್ಟ್ ತನಕ ಇದಾವೆ. ಕೆಲವು ಕಡೆ ಬುಗ್ಗೆ ನೀರನ್ನೇ ಪೈಪಲ್ಲಿ ತಂದು ಬಾಗಿಲು ಹಾಕ್ಕೊಂಡು ಸ್ನಾನ ಮಾಡೋ ತೊಟ್ಟಿ ಮಾಡಿರ್ತಾರೆ. ಅತ್ತೆ ಹೇಳಿದ್ರಲ್ಲ ಬಟ್ಟೆ ಬದಲಾಯಿಸೋ ಹಿಂಸೆ ಅಂತ, ಅದಕ್ಕೆ ಉತ್ತರ ಇದು. ಗಂಡ ಹೆಂಡ್ತಿ ಇಬ್ರೂ ಒಟ್ಟಿಗೆ ಕೂತು ಮಾತಾಡ್ಕೊಂಡು ಸ್ನಾನ ಮಾಡ್ಬಹುದು, ಸಾರ್ವಜನಿಕ ಕುಂಡದಲ್ಲಿ ಅದಕ್ಕೆ ಜಾಗ ಎಲ್ಲಿ ಬರ್ಬೇಕು, ಜನ ನೋಡ್ತಾರೆ ಅಂತ ಅತ್ತೆ ಸೆರಗು ಬಿಗಿ ಮಾಡ್ಕೊಳ್ಳೋದ್ರಲ್ಲೇ ಸ್ನಾನ ಮುಗ್ದಿರುತ್ತೆ.

ಫೋನ್ ಮಾಡಿ ಕೇಳ್ಬೇಕಾದ್ದು: ರೂಮು ಗ್ರೌಂಡ್ ಫ್ಲೋರಲ್ಲಿ ಇದೆಯಾ. ಕಮೋಡ್ ವೆಸ್ಟರ್ನಾ. ತೊಟ್ಟಿಗೆ ಇಳಿಯೋಕೆ ಮೆಟ್ಟಿಲು, ಹಿಡ್ಕೊಳ್ಳೋಕೆ ಕಂಬಿ ಇದೆಯಾ. ನೀರು ಬುಗ್ಗೇದಾ ಅಥವಾ ಗೀಸರಿಂದಾ, ಇದನ್ನ ಮುಲಾಜಿಲ್ಲದೆ ಕೇಳ್ರಿ. ಪ್ರತಿ ಸಲ ತೊಟ್ಟಿ ಖಾಲಿ ಮಾಡಿ ತೊಳೀತಾರಾ. ಕಂಬಿ ಇಲ್ಲ ಅಂದ್ರೆ ಆ ಜಾಗ ಬಿಟ್ಟುಬಿಡ್ರಿ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಸೊಂಟದ ಮೂಳೆ ಮುರ್ಕೊಂಡ್ರೆ ಆನಿವರ್ಸರಿ ಆಸ್ಪತ್ರೇಲಿ.

6. ಬ್ಯಾಗಿಗೆ ಏನೇನು

ಬಟ್ಟೆ ಬರೆ ಅವ್ರೇ ಇಟ್ಕೊಳ್ತಾರೆ, ಅದನ್ನ ಬಿಡ್ರಿ. ನೀವು ಇಡ್ಬೇಕಾದ್ದು, ಅಡಿ ಜಾರದ ರಬ್ಬರ್ ಚಪ್ಪಲಿ ಎರಡು ಜೊತೆ, ನೀರಿಗೆ ಇಳಿಯೋಕೆ ಅಂತ ಹಳೇ ಕಾಟನ್ ಸೀರೆ ಅಥವಾ ಚೂಡಿದಾರ (ಸಿಂಥೆಟಿಕ್ ಸೀರೆ ನೀರಲ್ಲಿ ಕಾಲಿಗೆ ಸುತ್ಕೊಳ್ಳುತ್ತೆ), ಎರಡು ದಪ್ಪ ಟವೆಲ್, ಬಿಪಿ ಮಷಿನ್, ಒಂದು ವಾರ ಜಾಸ್ತಿ ಆಗೋಷ್ಟು ಮಾತ್ರೆ ಮತ್ತೆ ಡಾಕ್ಟ್ರ ಚೀಟಿ, ಎರಡು ಲೀಟರ್ ನೀರಿನ ಬಾಟಲಿ, ಕೊಬ್ಬರಿ ಎಣ್ಣೆ. ಮಕ್ಕಳ ಸ್ನಾನಕ್ಕೆ ಅಂತ ನೀರಿನ ಥರ್ಮಾಮೀಟರ್ ಸಿಗುತ್ತೆ ನೋಡ್ರಿ, ಅದೊಂದು ಸಿಕ್ಕಿದ್ರೆ ತಗೊಳ್ರಿ.

ಬುತ್ತಿ ಬೇರೆ ಹೇಳ್ಬೇಕಾ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮಂಡಕ್ಕಿ ಒಗ್ಗರಣೆ ಹಾಕಿದ್ದು. ಅಲ್ಲಿ ಭಾಕ್ರಿ ಝುಣಕ, ಪೋಹೆ, ಉಸಳ್ ಎಲ್ಲ ಸಿಗುತ್ತೆ, ನಮ್ಮ ರೊಟ್ಟಿ ಜುಣಕದ ಬಾಯಿಗೆ ಪರಕೀಯ ಅನ್ನಿಸಲ್ಲ, ಆದ್ರೂ ಗಾಡೀಲಿ ಊಟದ ಹೊತ್ತಿಗೆ ಮನೆ ಬುತ್ತಿ ಬಿಚ್ಚಿದ್ರೇನೆ ಮಾವಂಗೆ ಊಟ ಇಳಿಯೋದು.

ದೇವಿಗೆ ಉಡಿ ತುಂಬೋಕೆ ಒಂದು ಗುಳೇದಗುಡ್ಡ ಖಣ, ಹಸಿರು ಬಳೆ, ಅರಿಶಿನ ಕುಂಕುಮ ಇಲ್ಲಿಂದಲೇ ತಗೊಂಡು ಹೋಗ್ರಿ. ತೆಂಗಿನಕಾಯಿ ಹೂವು ಅಲ್ಲೇ ಸಿಗುತ್ತೆ.

7. ಬೆಳ್ಳಿ ಸಾಮಾನು ತೆಗೆದಿಡೋದು

ಇದಕ್ಕೆ ಅಂತಾನೇ ಒಂದು ಹಂತ ಇಟ್ಟಿದೀನಿ, ಯಾಕಂದ್ರೆ ಯಾರೂ ಹೇಳಲ್ಲ. ಈ ನೀರಲ್ಲಿ ಗಂಧಕ ಇದೆ, ಹತ್ರ ಹೋದ್ರೆ ವಾಸನೇಲೇ ಗೊತ್ತಾಗುತ್ತೆ. ಗಂಧಕಕ್ಕೂ ಬೆಳ್ಳಿಗೂ ಆಗಿಬರಲ್ಲ, ಸ್ನಾನ ಮುಗಿಸಿ ಬರೋಷ್ಟರಲ್ಲಿ ಬೆಳ್ಳಿ ಕಂದಿ, ಆಮೇಲೆ ಕಪ್ಪಾಗುತ್ತೆ. ಕಾಲ್ಚೈನು, ಉಡಿದಾರ ಬಿಚ್ಚಿಡೋಕೆ ಯಾರೂ ತಕರಾರು ಮಾಡಲ್ಲ. ಲಿಂಗ ಕಟ್ಕೊಂಡವ್ರು ಬೆಳ್ಳಿ ಕರಡಿಗೆ ಬದಲು ಬಟ್ಟೇಲಿ ಕಟ್ಕೊಂಡು ಇಳಿಯಬಹುದು. ಕಷ್ಟ ಇರೋದು ಕಾಲುಂಗುರದ್ದು. ಐವತ್ತು ವರ್ಷದಿಂದ ಬೆರಳಲ್ಲಿ ಇರೋ ಕಾಲುಂಗುರ ತೆಗಿ ಅಂದ್ರೆ, ಅದೂ ಮದುವೆ ವಾರ್ಷಿಕೋತ್ಸವಕ್ಕೆ ಅಂತ ಬಂದು, ಯಾವ ಅತ್ತೆ ತೆಗೀತಾರೆ. ನಮ್ಮತ್ತೆ ಅಂತೂ "ಕಪ್ಪಾದ್ರೆ ಆಗ್ಲಿ, ನಾನೇನು ಕಪ್ಪಗಾಗಿಲ್ವಾ ಇಷ್ಟು ವರ್ಷದಲ್ಲಿ" ಅಂದ್ಬಿಟ್ರು. ಹಂಗೇ ಬಿಟ್ಟುಬಿಡ್ರಿ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿ ತಿಕ್ಕಿದ್ರೆ ಮತ್ತೆ ಬೆಳ್ಳಗಾಗುತ್ತೆ, ಕಪ್ಪು ಮೇಲ್ಮೇಲೆ ಮಾತ್ರ ಕೂತಿರುತ್ತೆ. ಚೊಕ್ಕ ಚಿನ್ನಕ್ಕೆ ಏನೂ ಆಗಲ್ಲ, ಆದ್ರೆ ಒಡವೆ ಚಿನ್ನದಲ್ಲಿ ಬೆಳ್ಳಿ ತಾಮ್ರ ಬೆರೆತಿರುತ್ತೆ, ಬೆಸುಗೆ ಹಾಕಿದ ಕಡೆ ಮಂಕಾಗಬಹುದು.

8. ಹೊರಡೋದು, ಕಲ್ಯಾಣದಲ್ಲಿ ಇಳಿಯೋದು

ಗಾಡಿ ಹರಿಹರ ಸೇತುವೆ ದಾಟೋವಾಗ ತುಂಗಭದ್ರೆಗೆ ಕೈಮುಗಿಯೋದು, ಒಂದು ಕಾಯಿನ್ ಹಾಕೋದು ಅವ್ರ ಪಾಡಿಗೆ ಅವ್ರು ಮಾಡ್ಕೊಳ್ತಾರೆ. ನೀವು ನೆನಪಿಡ್ಬೇಕಾದ್ದು ಇಳಿಯೋ ಜಾಗ. ಪುಣೆ ಬಿಟ್ಟು ಲೋಣಾವಳ ದಾಟಿದ ಮೇಲೆ ಘಾಟು ಇಳಿಯುತ್ತೆ, ಸುರಂಗದ ಮೇಲೆ ಸುರಂಗ. ಘಾಟು ಇಳಿದ ಮೇಲೆ ಬ್ಯಾಗು ಕೆಳಗೆ ಇಳಿಸ್ಕೊಂಡು, ಚಪ್ಪಲಿ ಹಾಕ್ಕೊಂಡು, ಟಾಯ್ಲೆಟ್ ಮುಗಿಸಿ ರೆಡಿ ಕೂತಿರ್ಬೇಕು, ಕಲ್ಯಾಣದಲ್ಲಿ ಗಾಡಿ ನಿಲ್ಲೋದು ಸ್ವಲ್ಪವೇ ಹೊತ್ತು, ಅಲ್ಲಿನ ಜನಜಂಗುಳಿ ನಮ್ಮ ದಾವಣಗೆರೆ ಸ್ಟೇಷನ್ ನೋಡಿದವ್ರಿಗೆ ಊಹೆಗೂ ಬರಲ್ಲ. ಟ್ಯಾಕ್ಸಿ ಮೊದ್ಲೇ ಹೇಳಿಟ್ಟಿದ್ರೆ ಒಳ್ಳೇದು, ಡ್ರೈವರ್ ಫೋನ್ ನಂಬರು ಮಾವನ ಜೇಬಲ್ಲಿ ಚೀಟಿ ಬರೆದು ಇಡ್ರಿ, ಮೊಬೈಲ್ ಚಾರ್ಜ್ ಯಾವಾಗ ಖಾಲಿ ಆಗುತ್ತೋ.

ಕಲ್ಯಾಣದಿಂದ ಭಿವಂಡಿ, ಅಂಬಾಡಿ ಮೇಲೆ ವಜ್ರೇಶ್ವರಿ ಸುಮಾರು 40 ಕಿಲೋಮೀಟರ್. ದೂರ ಕಮ್ಮಿ, ಟೈಮ್ ಜಾಸ್ತಿ, ಭಿವಂಡಿ ತುಂಬ ಗೋದಾಮು, ಲಾರಿ ಸಾಲು ಮುಗಿಯೋದೇ ಇಲ್ಲ. ಮಾವನಂಥ ಜವಳಿ ಜನಕ್ಕೆ ಅದೂ ಒಂದು ನೋಟನೇ, ಪವರ್‌ಲೂಮ್ ಸದ್ದು ಕೇಳಿದ್ರೆ ನಮ್ಮೂರಲ್ಲಿ ಹತ್ತಿ ಮಿಲ್ಲುಗಳು ಓಡ್ತಿದ್ದ ಕಾಲದ ಕತೆ ಶುರುವಾಗುತ್ತೆ. ಕೇಳ್ಕೊಂಡು ಕೂತಿರ್ರಿ.

ತಲುಪಿದ ದಿನ ನೀರಿಗೆ ಇಳಿಸ್ಬೇಡ್ರಿ. ಊಟ, ನಿದ್ದೆ, ಅಷ್ಟೇ.

9. ನೀರಿಗೆ ಇಳಿಯೋದು

ಮೊದ್ಲು ಈ ಬಿಸಿ ಎಲ್ಲಿಂದ ಬರುತ್ತೆ ಅಂತ ಹೇಳ್ಬಿಡ್ತೀನಿ, ಮಾವ ಕೇಳೇ ಕೇಳ್ತಾರೆ. ಜ್ವಾಲಾಮುಖಿ ಏನಿಲ್ಲ. ಕರಿ ಬಂಡೆಯ ಬಿರುಕುಗಳಲ್ಲಿ ಮಳೆ ನೀರು ಆಳಕ್ಕೆ ಇಳಿಯುತ್ತೆ, ಆಳಕ್ಕೆ ಹೋದಷ್ಟೂ ಭೂಮಿ ಬಿಸಿ, ಆ ಬಿಸಿ ಹೀರ್ಕೊಂಡು ಇನ್ನೊಂದು ಬಿರುಕಲ್ಲಿ ಮೇಲಕ್ಕೆ ಬರುತ್ತೆ. ಬರೋವಾಗ ಕಲ್ಲಿನೊಳಗಿನ ಲವಣ ಗಂಧಕ ಎಲ್ಲ ಕರಗಿಸ್ಕೊಂಡು ಬರುತ್ತೆ. ಪಶ್ಚಿಮ ಕರಾವಳಿಗುಂಟ ಇಲ್ಲಿಂದ ರತ್ನಾಗಿರಿ ಜಿಲ್ಲೆಯ ರಾಜಾಪುರದ ತನಕ ಇಂಥ ಬುಗ್ಗೆಗಳ ಸಾಲೇ ಇದೆ. ವಜ್ರೇಶ್ವರಿ ಸುತ್ತಮುತ್ತ ಐದು ಕಿಲೋಮೀಟರ್ ಒಳಗೆ 21 ಬುಗ್ಗೆ ಇದಾವೆ ಅಂತ ಲೆಕ್ಕ ಹೇಳ್ತಾರೆ.

ಒಂದೊಂದು ಕುಂಡದ ಬಿಸಿ ಒಂದೊಂದು ಥರ. ಕೆಲವಕ್ಕೆ ಕಾಲಿಡೋಕೂ ಆಗಲ್ಲ, ಕೆಲವು ಎಣ್ಣೆ ಸ್ನಾನದ ನೀರಿನಷ್ಟು ಹದವಾಗಿರುತ್ತೆ. ಹಿರಿಯರಿಗೆ 38ರಿಂದ 40 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲಾಂದ್ರೆ ಮೊಣಕೈ ಅದ್ದಿ ನೋಡ್ರಿ, ಅಂಗೈ ಅಲ್ಲ, ಅಡುಗೆ ಮಾಡಿ ಮಾಡಿ ಅತ್ತೆ ಅಂಗೈಗೆ ಬಿಸಿ ಗೊತ್ತೇ ಆಗಲ್ಲ. ಮೊಣಕೈ ಇಟ್ಕೊಂಡು ನಿಧಾನ ಇಪ್ಪತ್ತು ಎಣಿಸೋಕೆ ಆಗ್ತಿಲ್ಲ ಅಂದ್ರೆ ಆ ಕುಂಡ ಬೇಡ.

ಟೈಮು ಬೆಳಿಗ್ಗೆ ಬೇಗ, ಜನ ಬರೋಕೆ ಮುಂಚೆ. ಹೊಟ್ಟೆ ತುಂಬ ತಿಂದು ಇಳಿಯಂಗಿಲ್ಲ, ಪೂರ್ತಿ ಖಾಲಿ ಹೊಟ್ಟೇಲೂ ಬೇಡ, ಅರ್ಧ ತಾಸು ಮುಂಚೆ ಎರಡು ಬಿಸ್ಕತ್ತು ಟೀ ಆದ್ರೆ ಸರಿ. ಒಂದು ಲೋಟ ನೀರು ಕುಡಿಸಿ.

ಇಳಿಯೋದು ಹಿಂಗೆ. ದಂಡೆ ಮೇಲೆ ಕೂತು ಚೊಂಬಲ್ಲಿ ಪಾದಕ್ಕೆ ಹುಯ್ಕೊಳ್ಳೋದು, ಆಮೇಲೆ ಮಂಡಿಗೆ, ಆಮೇಲೆ ಭುಜಕ್ಕೆ. ಮೈ ಹೊಂದ್ಕೊಂಡ ಮೇಲೆ ಪಾದ ಇಳಿಬಿಟ್ಟು ಐದು ನಿಮಿಷ. ಆಮೇಲೆ ಕಂಬಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲು, ಸೊಂಟದ ತನಕ. ಎದೆ ಮುಳುಗಿಸೋ ಅಗತ್ಯ ಇಲ್ಲ. ಮೊದಲ ದಿನ ಒಟ್ಟು ಹತ್ತು ನಿಮಿಷ, ಎರಡನೇ ದಿನ ಮೈಗೆ ಒಗ್ಗಿದ್ರೆ ಹದಿನೈದು. ದಿನಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಡ. ಮಾವ ಮಾತ್ರ ಏಳೋದೇ ಇಲ್ಲ, "ಈಗ ಮಂಡಿ ಬಿಡ್ತಾ ಇದೆ, ಇನ್ನೈದು ನಿಮಿಷ" ಅಂತಾರೆ, ಅತ್ತೆ "ಏಳ್ರೀ ಸಾಕು" ಅಂತ ದಂಡೆ ಮೇಲಿಂದ ಟವೆಲ್ ಬೀಸ್ತಾರೆ. ಇಲ್ಲಿ ಅತ್ತೆ ಮಾತೇ ನಡೀಬೇಕು.

ತಲೆ ಮುಳುಗಿಸ್ಬೇಡ್ರಿ, ಮೂಗಿನೊಳಗೆ ನೀರು ಹೋಗೋಕೆ ಬಿಡ್ಬೇಡ್ರಿ. ಇದು ಸುಮ್ನೆ ಹೆದರ್ಸೋಕೆ ಹೇಳ್ತಿಲ್ಲ, ಬೆಚ್ಚಗಿನ ಸಿಹಿನೀರಲ್ಲಿ ನೆಗ್ಲೇರಿಯಾ ಅನ್ನೋ ಅಮೀಬಾ ಬದುಕುತ್ತೆ, ಮೂಗಿನ ಮೂಲಕ ಮೆದುಳಿಗೆ ಹೋದ್ರೆ ಉಳಿಯೋದು ಬಹಳ ಕಷ್ಟ. ತೀರಾ ಅಪರೂಪ, ಆದ್ರೂ ಮೂಗು ಮುಳುಗಿಸದೇ ಇರೋದು ಎಷ್ಟೊತ್ತಿನ ಕೆಲಸ. ತಲೆಗೆ ಬೇಕಿದ್ರೆ ರೂಮಲ್ಲಿ ಸಾದಾ ನೀರು ಹಾಕ್ಕೊಳ್ಳಿ. ತೀರ್ಥ ಅಂತ ಕುಂಡದ ನೀರು ಕುಡಿಯೋದೂ ಬೇಡ. ಸೋಪು ಶಾಂಪೂ ಕುಂಡಕ್ಕೆ ತರಬೇಡ್ರಿ, ಗಣೇಶಪುರಿ ಭೀಮೇಶ್ವರ ಗುಡಿ ಪಕ್ಕದ ಕುಂಡಗಳಂತೂ ದೇವರ ಕುಂಡಗಳು.

ಎದ್ದು ಬರೋದು ಇಳಿಯೋದಕ್ಕಿಂತ ಮುಖ್ಯ. ಮೆಟ್ಟಿಲ ಮೇಲೆ ಎರಡು ನಿಮಿಷ ಕೂತು, ದಂಡೆ ಮೇಲೆ ಇನ್ನೆರಡು ನಿಮಿಷ ಕೂತು, ಆಮೇಲೆ ನಿಲ್ಲೋದು, ಯಾರಾದ್ರೂ ರಟ್ಟೆ ಹಿಡ್ಕೊಂಡಿರ್ಬೇಕು. ಎದೆ ಡವಡವ ಅಂತಿದೆ, ತಲೆ ಸುತ್ತುತ್ತೆ ಅಂದ್ರೆ ತಕ್ಷಣ ಹೊರಗೆ ತಂದು ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕೆ ಇಡ್ರಿ. ಎದೆನೋವು, ಉಸಿರು ಕಟ್ಟಿದಂಗೆ ಆಗ್ತಿದೆ ಅಂದ್ರೆ ಮಾತ್ರ ಮಲಗಿಸದೆ ಒರಗಿಸಿ ಕೂರಿಸಿ, ಕಾಯ್ಬೇಡ್ರಿ, 108ಕ್ಕೆ ಫೋನ್ ಮಾಡ್ರಿ, ಅಲ್ಲೂ ಆಂಬುಲೆನ್ಸ್ ನಂಬರ್ ಅದೇ. ಎಲ್ಲ ಸರಿ ಇದ್ರೆ ನೀರು ಕುಡಿಸಿ, ಮೈ ಒರೆಸಿ ಕೊಬ್ಬರಿ ಎಣ್ಣೆ ಸವರಿ (ಈ ನೀರಿಗೆ ಚರ್ಮ ಒಣಗುತ್ತೆ), ಒಂದು ತಾಸು ಮಲಗಿಸಿಬಿಡ್ರಿ. ಅಂಥ ನಿದ್ದೆ ಊರಲ್ಲಿ ಬರಲ್ಲ.

10. ಆ ಒಂದು ದಿನ

ಎರಡನೇ ದಿನ ಇಟ್ಕೊಳ್ರಿ. ಬೆಳಿಗ್ಗೆ ಸ್ನಾನ, ನಿದ್ದೆ, ಆಮೇಲೆ ದೇವಿ ದರ್ಶನ. ವಜ್ರೇಶ್ವರಿ ಗುಡಿಗೆ 52 ಕಲ್ಲಿನ ಮೆಟ್ಟಿಲು ಹತ್ಬೇಕು, ದಾರೀಲಿ ಮೆಟ್ಟಿಲಿಗೆ ಕೆತ್ತಿದ ಬಂಗಾರದ ಆಮೆ ಸಿಗುತ್ತೆ, ಅಲ್ಲಿ ನಿಂತು ದಮ್ಮು ತಗೊಂಡು ಹತ್ತೋದು. ಆಗ್ದಿದ್ರೆ ಕೆಳಗಿಂದಲೇ ಕೈಮುಗಿದ್ರೂ ದೇವಿ ಬೇಜಾರು ಮಾಡ್ಕೊಳ್ಳಲ್ಲ. ಪೇಶ್ವೆ ಮೊದಲನೇ ಬಾಜಿರಾಯನ ತಮ್ಮ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆದ್ರೆ ಗುಡಿ ಕಟ್ಟಿಸ್ತೀನಿ ಅಂತ ಹರಕೆ ಹೊತ್ತಿದ್ದನಂತೆ, 1739ರಲ್ಲಿ ಕೋಟೆ ಕೈಗೆ ಬಂತು, ಗುಡಿ ಎದ್ದಿತು. ದುರ್ಗದ ಕೋಟೆ ನೋಡಿ ಬೆಳೆದವ್ರಿಗೆ ಈ ಕತೆ ಹಿಡಿಸುತ್ತೆ. ಗರ್ಭಗುಡೀಲಿ ವಜ್ರೇಶ್ವರಿ ಜೊತೆ ರೇಣುಕೆನೂ ಅಂದ್ರೆ ನಮ್ಮ ಎಲ್ಲಮ್ಮನೂ ಇದಾಳೆ, ಉಚ್ಚಂಗಿದುರ್ಗಕ್ಕೆ ಹುಣ್ಣಿಮೆಗೆ ನಡ್ಕೊಳ್ಳೋ ಮನೆಯವ್ರಾದ್ರೆ ಅತ್ತೆಗೆ ಅಲ್ಲೇ ಅರ್ಧ ಮನಸ್ಸು ತುಂಬುತ್ತೆ. ಖಣ ಇಟ್ಟು ಉಡಿ ತುಂಬಿಸಿ, ಇಬ್ರ ಹೆಸರಲ್ಲೂ ಅರ್ಚನೆ ಮಾಡಿಸ್ರಿ.

ಸಂಜೆ ಗಣೇಶಪುರಿ. ಕಾಞಂಗಾಡು ಕಡೆಯಿಂದ ಬಂದು ಇಲ್ಲೇ ನೆಲೆನಿಂತ ನಿತ್ಯಾನಂದ ಸ್ವಾಮಿಗಳ ಸಮಾಧಿ ಮಂದಿರ ಇದೆ, ಅವ್ರು ದೇಹ ಬಿಟ್ಟಿದ್ದು 1961ರಲ್ಲಿ. ಅವ್ರ ಶಿಷ್ಯ ಮುಕ್ತಾನಂದರು ಹುಬ್ಬಳ್ಳಿ ಸಿದ್ಧಾರೂಢ ಮಠದಲ್ಲಿ ಇದ್ದವ್ರು, ಹಂಗಾಗಿ ನಮ್ಮ ಕಡೆಯವ್ರಿಗೆ ಪೂರ್ತಿ ಹೊಸ ಊರು ಅನ್ನಿಸಲ್ಲ. ಸುಮ್ನೆ ಕೂರೋಕೆ ಒಳ್ಳೇ ಜಾಗ.

ಕೇಕ್ ಬೇಕಾ ಅಂತ ಕೇಳ್ರಿ, ಬೇಡ ಅಂದ್ರೆ ಬೇಡ. ಮಲ್ಲಿಗೆ ಹೂವು ಮೊಳ ತಂದು ಮಾವನ ಕೈಗೆ ಕೊಟ್ಟುಬಿಡ್ರಿ, ಏನು ಮಾಡ್ಬೇಕು ಅಂತ ಅವ್ರಿಗೆ ಗೊತ್ತು, ನೀವು ಅಲ್ಲಿಂದ ಜಾಗ ಖಾಲಿ ಮಾಡ್ರಿ. ಮೊಬೈಲ್ ಹಿಡ್ಕೊಂಡು "ಮಾವ, ಇನ್ನೊಂದ್ಸಲ ಮುಡಿಸ್ರಿ, ವಿಡಿಯೋ ಬರ್ಲಿಲ್ಲ" ಅನ್ನೋದು ದಯವಿಟ್ಟು ಬೇಡ. ಫೋಟೋ ಒಂದು ಗುಡಿ ಮೆಟ್ಟಿಲ ಮೇಲೆ ತೆಗೀರಿ ಸಾಕು. ಫ್ಯಾಮಿಲಿ ಗ್ರೂಪಿಗೆ ಹಾಕೋದು ಊರಿಗೆ ಬಂದ ಮೇಲೆ, ಇಲ್ಲಾಂದ್ರೆ ಆ ದಿನ ಪೂರ್ತಿ ಫೋನು ಎತ್ತೋದೇ ಆಗುತ್ತೆ.

ಮೂರನೇ ದಿನಕ್ಕೆ ಏನೂ ಪ್ಲ್ಯಾನ್ ಹಾಕ್ಬೇಡ್ರಿ. ಮುಂಬೈ ಹತ್ರಾನೇ ಇದೆಯಲ್ಲ, ಸಿದ್ಧಿವಿನಾಯಕ, ಗೇಟ್‌ವೇ ಎಲ್ಲ ತೋರ್ಸಿಬಿಡೋಣ ಅನ್ನೋ ಆಸೆ ಬರುತ್ತೆ, ಆ ಟ್ರಾಫಿಕ್ಕಲ್ಲಿ ಹೋಗಿ ಬರೋದ್ರೊಳಗೆ ಮೂರು ದಿನದ ಹಾಯಿ ಎಲ್ಲ ಇಳಿದು ಹೋಗುತ್ತೆ. ಬೆಳಿಗ್ಗೆ ನೀರು, ಮಧ್ಯಾಹ್ನ ನಿದ್ದೆ, ಸಂಜೆ ನದಿ ಕಡೆ ನಾಲ್ಕು ಹೆಜ್ಜೆ.

11. ಅಷ್ಟು ದೂರ ಆಗಲ್ಲ ಅಂದ್ರೆ

ಡಾಕ್ಟ್ರು ಬೇಡ ಅಂದ್ರೆ ಬೇಸರ ಮಾಡ್ಕೊಳ್ಳೋದು ಬೇಡ. ಧರ್ಮಸ್ಥಳದ ಶಾಂತಿವನದಲ್ಲಿ ಪ್ರಕೃತಿ ಚಿಕಿತ್ಸೆ ಇದೆ, ಸೊಂಟದ ಸ್ನಾನ, ಹಬೆ, ಮಣ್ಣಿನ ಪಟ್ಟಿ, ಎಲ್ಲ ಡಾಕ್ಟ್ರು ನೋಡಿ ಬರೆದಂಗೆ. ಒಂದೇ ಮಾತು ಮೊದ್ಲೇ ಹೇಳಿ ಕರ್ಕೊಂಡು ಹೋಗ್ರಿ, ಅಲ್ಲಿ ಕಾಫಿ ಟೀ ಇಲ್ಲ, ಊಟನೂ ಪಥ್ಯದ್ದು. ಐವತ್ತನೇ ವರ್ಷಕ್ಕೆ ಬೂದುಗುಂಬಳದ ರಸ ಕುಡಿಸಿದ್ರಿ ಅಂತ ಆಮೇಲೆ ಜೀವಮಾನ ಪೂರ್ತಿ ಅನ್ನಿಸ್ಕೊಳ್ಬೇಕಾಗುತ್ತೆ. ನಮ್ಮ ರಾಜ್ಯದಲ್ಲೇ ಬಿಸಿನೀರಿನ ಬುಗ್ಗೆ ಬೇಕು ಅಂದ್ರೆ ಪುತ್ತೂರು ತಾಲೂಕು ಇರ್ದೆಯ ಬೆಂದ್ರು ತೀರ್ಥ ಇದೆ, ಸಣ್ಣ ಜಾಗ, ಉಗುರುಬೆಚ್ಚಗಿನ ನೀರು, ನೋಡಿ ಬರೋಕೆ ಅಷ್ಟೇ.

ಪ್ರಯಾಣನೇ ಬೇಡ ಅನ್ನೋ ಸ್ಥಿತಿ ಇದ್ರೆ ಸಂತೇಬೆನ್ನೂರು ಪುಷ್ಕರಿಣಿಗೆ ಬೆಳಿಗ್ಗೆ ಕಾರಲ್ಲಿ ಕರ್ಕೊಂಡು ಹೋಗಿ, ನೆರಳಲ್ಲಿ ಕೂರಿಸಿ, ಬರೋವಾಗ ಬೆಣ್ಣೆದೋಸೆ ತಿನ್ನಿಸ್ಕೊಂಡು ಬರ್ರಿ. ರಾತ್ರಿ ಮನೇಲೇ ಒಂದು ಟಬ್ಬಲ್ಲಿ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಇಬ್ರ ಪಾದನೂ ಇಡಿಸಿ, ಎದುರಿಗೆ ಎರಡು ಕುರ್ಚಿ ಹಾಕಿ. ಮೊಣಕೈ ಟೆಸ್ಟು ಇಲ್ಲೂ ಇದೆ.

12. ವಾಪಸ್ ಬಂದ ಮೇಲೆ

ದಾವಣಗೆರೆ ಸ್ಟೇಷನ್ನಿಗೆ ಕಾರು ಕಳಿಸ್ರಿ, ಆಟೋ ಬೇಡ. ಮನೇಲಿ ಅನ್ನ ಸಾರು ರೆಡಿ ಇರ್ಲಿ, ಮೂರು ದಿನ ಭಾಕ್ರಿ ಪೋಹೆ ತಿಂದ ಮೇಲೆ ಅವ್ರು ಕೇಳೋದು ಅದೊಂದೇ. ಮಾರನೇ ದಿನ ಬಿಪಿ ಶುಗರ್ ನೋಡ್ರಿ, ಪಾದದ ಅಡಿ ಬೆರಳ ಸಂದಿ ಎಲ್ಲ ಬೆಳಕಲ್ಲಿ ಒಂದ್ಸಲ ಪರೀಕ್ಷೆ ಮಾಡ್ರಿ, ಕೆಂಪಗೆ ಆಗಿದ್ರೆ, ಬೊಬ್ಬೆ ಇದ್ರೆ, ಗೀರಿದ್ರೆ ಡಾಕ್ಟ್ರಿಗೆ ತೋರ್ಸ್ರಿ. ನೀರಿಗೆ ಹಾಕಿದ ಬಟ್ಟೆ ಬೇರೆಯಾಗಿ ನೆನೆಹಾಕ್ರಿ, ಗಂಧಕದ ವಾಸನೆ ಒಂದೇ ಒಗೆತಕ್ಕೆ ಹೋಗಲ್ಲ. ಮತ್ತೆ ನೆಂಟರು ನೋಡೋಕೆ ಬರ್ತೀವಿ ಅಂತ ಫೋನ್ ಮಾಡಿದ್ರೆ ಎರಡು ದಿನ ಬಿಟ್ಟು ಬರ್ರಿ ಅಂತ ನೀವೇ ಹೇಳ್ಬಿಡ್ರಿ, ಅತ್ತೆ ಬಾಯಲ್ಲಿ ಅದು ಬರಲ್ಲ.